ಮೂವರ ಬಂದೂಕಿಗೆ ಒಂದೇ ಟ್ರಿಗರ್

"ಟೀಚರ್, ಎರಡರಲ್ಲಿ ಯಾವ ಟ್ರಿಗರ್ ಹಾಕಿಸಲಿ?" ಎಂದು ದೇಚಕ್ಕ ಕೇಳಿದಳು.

ಗುಂಡು ಹೊಡೆಯಲು ಕಲಿಸುವ ಮುದ್ದವ್ವ ಟೀಚರ್ ಗುರಿಹಲಗೆಯಿಂದ ಹಳೆಯ ಕಾಗದ ಬಿಚ್ಚುತ್ತಿದ್ದರು. ಕೈ ನಿಲ್ಲಿಸದೆ, "ಎರಡೂ ಹೇಗಿವೆ ಹೇಳು," ಎಂದರು.

ಆ ಊರಿನ ರೈಫಲ್ ಕ್ಲಬ್ಬಿನಲ್ಲಿ ಸ್ಪರ್ಧೆಗೆ ಒಯ್ಯಬಹುದಾದ ರೈಫಲ್ ಒಂದೇ ಇತ್ತು. ಮಹಿಳೆಯರ ತಂಡದಲ್ಲಿದ್ದ ದೇಚಕ್ಕ, ಬೋಜಮ್ಮ, ರಶೀದಾ ಮೂವರೂ ಸರದಿಯ ಮೇಲೆ ಅದನ್ನೇ ಹಿಡಿಯಬೇಕಿತ್ತು. ರೈಫಲ್ಲಿನ ಜೊತೆ ಬಂದ ಟ್ರಿಗರ್ ಸವೆದುಹೋಗಿತ್ತು. ಎಳೆದರೆ ಮರಳಿನ ಮೇಲೆ ಡಬ್ಬಿ ಎಳೆದಂತೆ ಕೊರಕೊರ ಎಂದು ಜಾರುತ್ತಿತ್ತು. ಗುಂಡು ಯಾವಾಗ ಹೊರಡುತ್ತದೆಂದು ಎಳೆಯುವವರಿಗೇ ಗೊತ್ತಾಗುತ್ತಿರಲಿಲ್ಲ. ಬೇರೆ ಕಂಪನಿಯ ಹೊಸ ಟ್ರಿಗರ್ ತರಿಸಿ ಹಾಕಿಸಲು ಕ್ಲಬ್ಬು ಒಪ್ಪಿತ್ತು. ಮೂವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆಯುವವಳು ದೇಚಕ್ಕ. ಹಾಗಾಗಿ ಆರಿಸುವ ಕೆಲಸವನ್ನು ಉಳಿದಿಬ್ಬರು ಅವಳಿಗೇ ಬಿಟ್ಟಿದ್ದರು. ಮುಂದಿನ ಸ್ಪರ್ಧೆಯಲ್ಲಿ ಮೂವರ ಅಂಕವನ್ನೂ ಕೂಡುತ್ತಾರೆ. ಮೊದಲ ಸ್ಥಾನ ಬಂದ ತಂಡ ಮಾತ್ರ ರಾಜ್ಯಮಟ್ಟಕ್ಕೆ ಹೋಗುತ್ತದೆ.

"ಒಂದು ತುಂಬ ಹಗುರ," ಎಂದಳು ದೇಚಕ್ಕ. "ಬೆರಳು ತಾಗಿದರೆ ಸಾಕು, ಗಾಜಿನ ಕಡ್ಡಿ ಮುರಿದ ಹಾಗೆ ಬಿಡುತ್ತದೆ. ಇನ್ನೊಂದು ಎರಡು ಹಂತದ್ದು. ಮೊದಲು ಸ್ವಲ್ಪ ದೂರ ಸಡಿಲವಾಗಿ ಬರುತ್ತದೆ, ಆಮೇಲೆ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಅಲ್ಲಿಂದ ಮತ್ತೆ ಒತ್ತಿದರೆ ಮಾತ್ರ ಗುಂಡು."

"ಬಿಗಿ, ಸಡಿಲ ಮಾಡಲು ಸ್ಕ್ರೂ ಇರುತ್ತದಲ್ಲ?"

"ಇದೆ ಟೀಚರ್. ಆದರೆ ತಪಾಸಣೆ ಮಾಡಿ ಚೀಟಿ ಅಂಟಿಸಿದ ಮೇಲೆ ಯಾರೂ ಮುಟ್ಟುವಂತಿಲ್ಲ. ಹೇಗಿಟ್ಟರೂ ಮೂವರಿಗೂ ಅದೇ."

"ನಿನಗೆ ಯಾವುದು ಹಿಡಿಸಿತು?"

"ಹಗುರದ್ದು. ಪಕ್ಕದ ಊರಿನ ಕ್ಲಬ್ಬಿನಲ್ಲಿ ಹೊಡೆದು ನೋಡಿದೆ. ನಾನು ಅಂದುಕೊಂಡ ಕ್ಷಣಕ್ಕೇ ಗುಂಡು ಹೋಗುತ್ತದೆ."

"ಅವರಿಬ್ಬರಿಗೆ?"

"ಬೋಜಮ್ಮ ಏನು ಕೊಟ್ಟರೂ ಹೊಡೆಯುತ್ತಾಳೆ, ಏನು ಕೊಟ್ಟರೂ ಬೈಯುತ್ತಾಳೆ. ರಶೀದಾ ಹಗುರದ್ದು ಮುಟ್ಟಿ, ಇದೇನು ಚೇಳೋ ಅಂತ ಕೈ ಹಿಂದಕ್ಕೆ ತೆಗೆದಳು. ಅಭ್ಯಾಸವಾದರೆ ಸರಿಹೋಗುತ್ತದೆ ಬಿಡಿ."

ಟೀಚರ್ ಕಾಗದವನ್ನು ಮಡಿಸಿ ಬೆಂಚಿನ ಮೇಲೆ ಕುಳಿತರು. "ಸರಿಹೋಗಬಹುದು. ಒಂದು ಕತೆ ಹೇಳುತ್ತೇನೆ, ಕೇಳು," ಎಂದರು.

ಬೆಟ್ಟದ ನಾಡೊಂದರಲ್ಲಿ ನಾಟಿ ಮುಗಿದ ಮೇಲೆ ಎಲ್ಲ ಮನೆಗಳವರೂ ಒಂದು ಬಯಲಿನಲ್ಲಿ ಸೇರುತ್ತಿದ್ದರು. ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಬಯಲಿನ ಆ ಕೊನೆಯಲ್ಲಿ, ಮಣ್ಣಿನ ದಿಬ್ಬದ ಮುಂದೆ, ಒಂದು ಮರವಿತ್ತು. ಅದರ ಕೊಂಬೆಗೆ ಕಾಯಿ ಕಟ್ಟುತ್ತಿದ್ದರು. ಒಂದು ಮನೆಗೆ ಒಂದೇ ಬಂದೂಕು. ಮನೆಯಿಂದ ಮೂವರು ಹೊಡೆಯಬೇಕು, ಒಬ್ಬೊಬ್ಬರಿಗೆ ಒಂದೇ ಗುಂಡು. ಮೂವರೂ ಒಂದೇ ಒಲೆಯ ಅನ್ನ ಉಣ್ಣುವವರಾಗಿರಬೇಕು. ಹೊರಗಿನಿಂದ ಯಾರನ್ನೂ ಕರೆತರುವಂತಿಲ್ಲ.

ಕಾಯಿ ಅಲುಗಿದರೆ ಸಾಲದು, ನೀರು ಹನಿಯಬೇಕು. ಹೊಡೆದವರು ಬಂದೂಕನ್ನು ಕೆಳಗಿಟ್ಟ ಮೇಲೆ ಪಂದ್ಯದ ಹಿರಿಯ ಮರದ ಬುಡಕ್ಕೆ ಹೋಗಿ ಅಂಗೈ ಒಡ್ಡುತ್ತಿದ್ದ. ಅಂಗೈ ಒದ್ದೆಯಾದರೆ ಒಂದು ಕಾಯಿ ಬಿತ್ತೆಂದು ಲೆಕ್ಕ. ಮೂರೂ ಬಿದ್ದರೆ ಮನೆ ಗೆದ್ದಿತು. ಎರಡು ಬಿದ್ದರೂ ಒಂದೇ, ಒಂದೂ ಬೀಳದಿದ್ದರೂ ಒಂದೇ.

ಮೂರು ವರ್ಷ ಸತತವಾಗಿ ಸೋತ ಮನೆ ಮತ್ತೆ ಬಯಲಿಗೆ ಬಂದೂಕು ತರುವಂತಿರಲಿಲ್ಲ. ಆ ಮನೆಯವರು ಮರ ಹತ್ತಿ ಉಳಿದವರಿಗೆ ಕಾಯಿ ಕಟ್ಟಿಕೊಡಬೇಕು. ಹಾಗೆ ಕಟ್ಟುವವರನ್ನು ಯಾರೂ ಬಾಯಿಬಿಟ್ಟು ಹೀನಾಯ ಮಾಡುತ್ತಿರಲಿಲ್ಲ. ಕೊಂಬೆಯ ಮೇಲಿದ್ದವರಿಗೆ, "ಗಂಟು ಬಿಗಿಯಾಗಿರಲಿ ಮಾರಾಯ್ರೆ," ಎಂದು ಕೆಳಗಿನಿಂದ ಕೂಗುತ್ತಿದ್ದರು, ಅಷ್ಟೆ. ಅಷ್ಟನ್ನು ತಡೆದುಕೊಳ್ಳುವುದೇ ಕಷ್ಟವಾಗಿತ್ತು.

ಒಂದು ಮನೆಯಲ್ಲಿ ಒಬ್ಬ ಗುರಿಕಾರನಿದ್ದ. ಅವನಂತೆ ಹೊಡೆಯುವವರು ಆ ನಾಡಿನಲ್ಲಿ ಇನ್ನೊಬ್ಬರಿರಲಿಲ್ಲ. ಅವನ ಜೊತೆ ಹೊಡೆಯುವವರು ಅವನ ಚಿಕ್ಕಪ್ಪ ಮತ್ತು ಅವನ ಅತ್ತಿಗೆ. ಅಣ್ಣನಿಗೆ ಕಣ್ಣು ಮಂಜು. ಅವನಿಗೆ ಮರವೇ ಸರಿಯಾಗಿ ಕಾಣುತ್ತಿರಲಿಲ್ಲ, ಕಾಯಿ ದೂರದ ಮಾತು.

ಆ ಮನೆಯ ಬಂದೂಕಿನ ಟ್ರಿಗರ್ ಬಹಳ ಬಿಗಿಯಾಗಿತ್ತು. ಉಗುರು ಬಿಳಿಚುವ ತನಕ ಎಳೆಯಬೇಕಿತ್ತು. ಅಷ್ಟು ಎಳೆಯುವಾಗ ನಳಿಗೆ ಪಕ್ಕಕ್ಕೆ ಸರಿಯುತ್ತಿತ್ತು. ಒಂದು ವರ್ಷ ಗುರಿಕಾರನ ಗುಂಡು ಮಾತ್ರ ತಾಗಿತು. ಚಿಕ್ಕಪ್ಪನ ಗುಂಡು ಎಲೆ ಉದುರಿಸಿತು, ಅತ್ತಿಗೆಯ ಗುಂಡು ಕಾಯಿಯ ನಾರು ಕಿತ್ತಿತು. ಮನೆಗೆ ಬಂದು ಮೂವರೂ ಟ್ರಿಗರನ್ನು ಬೈದರು. ಅವರು ಬೈದದ್ದರಲ್ಲಿ ತಪ್ಪಿರಲಿಲ್ಲ.

ಗುರಿಕಾರ ಬಂದೂಕು ತೆಗೆದುಕೊಂಡು ಬಂದೂಕು ರಿಪೇರಿ ಮಾಡುವವನ ಬಳಿಗೆ ಹೋದ. ರಿಪೇರಿಯವನು ಎರಡು ಹೊಸ ಟ್ರಿಗರ್ ತೆಗೆದು ಮೇಜಿನ ಮೇಲಿಟ್ಟ. ಒಂದು ಮುಟ್ಟಿದರೆ ಬಿಡುವಂಥದು, ಇನ್ನೊಂದು ನಿಂತು ಬಿಡುವಂಥದು.

"ಯಾರ ಬೆರಳಿಗೆ?" ಎಂದು ಕೇಳಿದ.

"ಇದೆಂಥ ಪ್ರಶ್ನೆ? ಗುರಿಕಾರ ನಾನು," ಎಂದ ಗುರಿಕಾರ.

ರಿಪೇರಿಯವನು ಎರಡನೆಯ ಪ್ರಶ್ನೆ ಕೇಳಲಿಲ್ಲ. ಮುಟ್ಟಿದರೆ ಬಿಡುವ ಟ್ರಿಗರ್ ಹಾಕಿಕೊಟ್ಟ.

ಮರುವರ್ಷ ಪಂದ್ಯದಲ್ಲಿ ಗುರಿಕಾರ ಎಂದಿನಂತೆ ಮೊದಲು ನಿಂತ. ಅವನ ಕಾಯಿ ನಾಲ್ಕು ಹೋಳಾಗಿ ಉದುರಿತು. ಹಿರಿಯ ಮರದ ಬುಡಕ್ಕೆ ಹೋಗುವ ಅಗತ್ಯವೇ ಬೀಳಲಿಲ್ಲ. ಅಂಥ ಹೊಡೆತವನ್ನು ಬಯಲು ಎಂದೂ ನೋಡಿರಲಿಲ್ಲ. ಚಿಕ್ಕಪ್ಪನ ಕಾಯಿಯೂ ಬಿತ್ತು. ಅತ್ತಿಗೆ ಬಂದೂಕು ಎತ್ತಿಕೊಂಡಳು. ಬಾವಿಯ ಹಗ್ಗ ಎಳೆದೂ ಹುಲ್ಲು ಕೊಯ್ದೂ ದಪ್ಪವಾಗಿದ್ದ ಬೆರಳು ಅವಳದು. ಅವಳ ಕೆನ್ನೆ ಇನ್ನೂ ಬಂದೂಕಿಗೆ ತಾಗಿರಲಿಲ್ಲ. ಬೆರಳು ಟ್ರಿಗರಿನ ಮೇಲೆ ಬಂತು. ಗುಂಡು ಹೋಯಿತು.

ಮರದಿಂದ ಬಹಳ ಈಚೆಗೆ ನೆಲದ ಮಣ್ಣು ಹಾರಿತು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಹಿಂದಿನಿಂದ ಯಾರೋ, "ಮುಂದಿನ ಸಲ ಇವರಿಗೆ ನೆಲದ ಮೇಲೊಂದು ಕಾಯಿ ಇಡಿ," ಎಂದರು. ಬಯಲೆಲ್ಲ ನಕ್ಕಿತು.

ದಾರಿಯಲ್ಲಿ ಗುರಿಕಾರ ತಡೆಯಲಾರದೆ ಕೇಳಿದ: "ಅತ್ತಿಗೆ, ನಿಮ್ಮ ಬೆರಳಿಗೆ ಬುದ್ಧಿ ಇಲ್ಲವೇ?"

"ಇದೆ ಕಣಯ್ಯ," ಎಂದಳು ಅತ್ತಿಗೆ. "ಅದನ್ನು ಕೇಳುವಷ್ಟು ಪುರುಸೊತ್ತು ನಿನ್ನ ಟ್ರಿಗರಿಗೆ ಇಲ್ಲ."

ಎರಡು ವರ್ಷ ಸೋತಾಗಿತ್ತು. ಇನ್ನು ಒಂದೇ ಅವಕಾಶ. ಗುರಿಕಾರ ಅತ್ತಿಗೆಗೆ ಕಲಿಸಲು ಶುರುಮಾಡಿದ. ಅವಳಿಗೆ ಬಿಡುವು ಸಿಗುತ್ತಿದ್ದುದು ಕೆಲಸಗಳ ನಡುವೆ. ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದಳು, ಎರಡು ಗುಂಡು ಹೊಡೆದು ಕೊಟ್ಟಿಗೆಗೆ ಹೋಗುತ್ತಿದ್ದಳು.

"ಮೆಲ್ಲಗೆ ಅತ್ತಿಗೆ. ಮಲಗಿದ ಮಗುವಿನ ಕೆನ್ನೆ ಮುಟ್ಟಿದ ಹಾಗೆ."

"ಮಗುವಿನ ಕೆನ್ನೆ ಮುಟ್ಟಿದರೆ ಮಗು ಎಚ್ಚರವಾಗುತ್ತದೆ. ಸಿಡಿಯುವುದಿಲ್ಲ."

ಅವಳು ಮೆಲ್ಲಗೆ ಮುಟ್ಟುವುದನ್ನು ಕಲಿಯಲಿಲ್ಲ, ಹೆದರುವುದನ್ನು ಕಲಿತಳು. ಬೆರಳು ಟ್ರಿಗರಿನ ಹತ್ತಿರ ಬರುವಷ್ಟರಲ್ಲಿ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕಾಯಿ ಇರಲಿ, ಬೇಲಿಯ ಮೇಲಿಟ್ಟ ಮಡಕೆಗೂ ಗುಂಡು ತಾಗದೆ ಹೋಯಿತು. ಗುರಿಕಾರ ಮತ್ತೆ ಮತ್ತೆ ಹೇಳಿದ, ಗದರಿಸಿದ, ಕೊನೆಗೆ ಕೈ ಮುಗಿದ.

ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ಚಿಕ್ಕಪ್ಪ ಹೇಳಿದ: "ಅವಳೊಬ್ಬಳನ್ನೇ ಯಾಕೆ ಬೈಯುತ್ತೀಯ? ಹೋದ ಪಂದ್ಯದಲ್ಲಿ ಆ ಗುಂಡನ್ನು ನಾನೂ ಬಿಡಲಿಲ್ಲ. ಅದೇ ಹೋಯಿತು. ಕಾಯಿ ಅಡ್ಡ ಬಂತು."

"ಆಗಲೇ ಯಾಕೆ ಹೇಳಲಿಲ್ಲ?"

"ಊರೆಲ್ಲ ಬೆನ್ನು ತಟ್ಟುತ್ತಿದ್ದರು. ಆ ಹೊತ್ತಿನಲ್ಲಿ ಹೇಳುವುದು ಹೇಗೆ?"

ಗುರಿಕಾರ ಮತ್ತೆ ರಿಪೇರಿಯವನ ಬಳಿಗೆ ಹೋದ. ರಿಪೇರಿಯವನು ಅವನ ಮುಖ ನೋಡಿ, "ಈ ಸಲ ನಾನು ಏನೂ ಕೇಳುವುದಿಲ್ಲಪ್ಪ. ಬೈಸಿಕೊಳ್ಳಲು ಶಕ್ತಿ ಇಲ್ಲ," ಎಂದ. ಗುರಿಕಾರ ನಿಂತು ಬಿಡುವ ಟ್ರಿಗರಿನ ಮೇಲೆ ಬೆರಳಿಟ್ಟ. ಅದನ್ನು ಹಾಕಿಸಿಕೊಂಡು, ಹಗುರದ್ದನ್ನು ಒಂದು ಡಬ್ಬಿಯಲ್ಲಿ ಮನೆಗೆ ತಂದ.

ಮನೆಯ ಹಿಂದೆ, ದಿಬ್ಬದ ಮುಂದೆ, ಒಣ ಚಿಪ್ಪುಗಳನ್ನು ಕಟ್ಟಿದರು. ಅತ್ತಿಗೆ ಬೆರಳಿಟ್ಟಳು. ಟ್ರಿಗರ್ ಸ್ವಲ್ಪ ಬಂದು ನಿಂತಿತು. ಅವಳು ಕೆನ್ನೆ ಒತ್ತಿಕೊಂಡಳು, ಉಸಿರು ಬಿಟ್ಟಳು, ಆಮೇಲೆ ಎಳೆದಳು. ಚಿಪ್ಪು ಒಡೆಯಿತು. ಇನ್ನೊಂದು ಹೊಡೆದಳು, ಅದೂ ಒಡೆಯಿತು. ಚಿಕ್ಕಪ್ಪ ಹೊಡೆದ, ಒಡೆಯಿತು. ಗುರಿಕಾರ ಬಂದೂಕು ತೆಗೆದುಕೊಂಡ.

ಅವನ ಗುಂಡು ತಾಗಲಿಲ್ಲ.

ಅವನ ಬೆರಳಿಗೆ ಹಗುರದ್ದೇ ರೂಢಿಯಾಗಿತ್ತು. ಗುರಿ ಕೂಡಿದ ಕ್ಷಣಕ್ಕೆ ಬೆರಳು ಹೋಗುತ್ತಿತ್ತು. ಈಗ ಅದು ಹೋಗಿ ಗೋಡೆಗೆ ತಾಗುತ್ತಿತ್ತು. ಅಲ್ಲಿ ನಿಂತು ಮತ್ತೆ ಒತ್ತುವಷ್ಟರಲ್ಲಿ ಗುರಿ ಜಾರಿರುತ್ತಿತ್ತು. ಅಂದು ಅವನು ತಂದಿದ್ದ ಗುಂಡೆಲ್ಲ ಮುಗಿಸಿದ. ಕಟ್ಟಿದ ಚಿಪ್ಪು ಹಾಗೇ ತೂಗುತ್ತಿತ್ತು.

"ಮೈದುನ, ನಾಳೆಯಿಂದ ಹಾಲು ಕರೆಯಲು ಬಾ," ಎಂದಳು ಅತ್ತಿಗೆ. "ಬೆರಳಿಗೆ ತಾಳ್ಮೆ ಬರುತ್ತದೆ. ಹಸುವಿಗೂ ಗುರಿಕಾರನಿಂದ ಕರೆಸಿಕೊಂಡ ಹೆಮ್ಮೆ."

ಚಿಕ್ಕಪ್ಪ ನಕ್ಕ. ಗುರಿಕಾರ ನಗಲಿಲ್ಲ.

ಅವನು ಒಳಗೆ ಹೋಗಿ ಡಬ್ಬಿಯನ್ನು ತಂದು ಜಗಲಿಯ ಮೇಲಿಟ್ಟುಕೊಂಡು ಕುಳಿತ. ಹಗುರದ್ದನ್ನು ಹಾಕಿದರೆ ಅವನ ಕಾಯಿ ಬೀಳುವುದು ಖಂಡಿತ. ಉಳಿದೆರಡು ದೈವದ ಕೈಯಲ್ಲಿ. ಹೊಸದನ್ನು ಉಳಿಸಿಕೊಂಡರೆ ಅವರಿಬ್ಬರ ಕಾಯಿ ಬೀಳುತ್ತವೆ, ಅವನದು ಹೇಳಲಾಗದು. ಹಾಗೆ ಸೋತರೆ ಮರ ಹತ್ತಿ ಕಾಯಿ ಕಟ್ಟುವುದಷ್ಟೇ ಅಲ್ಲ, ಗುರಿಕಾರನಿಂದಲೇ ಮನೆ ಸೋತಿತೆಂಬ ಮಾತನ್ನೂ ಕೊಂಬೆಯ ಮೇಲೆ ಕುಳಿತೇ ಕೇಳಬೇಕು. ಇಷ್ಟು ದಿನ ಅವನು ಸೋತಿರಲಿಲ್ಲ. ಸೋತದ್ದು ಮನೆ.

"ನಿನ್ನ ಇಷ್ಟ. ಗುರಿಕಾರ ನೀನು," ಎಂದ ಚಿಕ್ಕಪ್ಪ.

ಗುರಿಕಾರ ಡಬ್ಬಿಯನ್ನು ತೆರೆದ, ಹಗುರದ್ದನ್ನು ಅಂಗೈಯಲ್ಲಿ ಹಿಡಿದು ನೋಡಿದ. ಆಮೇಲೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ.

ಅಂದಿನಿಂದ ಅವನು ಖಾಲಿ ಬಂದೂಕು ಹಿಡಿದು ಹಿತ್ತಿಲಿನಲ್ಲಿ ನಿಲ್ಲತೊಡಗಿದ. ಬೆರಳನ್ನು ಗೋಡೆಯ ತನಕ ತರುತ್ತಿದ್ದ. ಅಲ್ಲಿ ನಿಲ್ಲಿಸುತ್ತಿದ್ದ. ಗುರಿ ಜಾರಿದರೆ ಎಳೆಯದೆ ಬೆರಳನ್ನು ಹಿಂದಕ್ಕೆ ತಂದು, ಬಂದೂಕು ಇಳಿಸಿ, ಮತ್ತೆ ಎತ್ತುತ್ತಿದ್ದ. ಹಾಗೆ ಇಳಿಸುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಹಗುರದ್ದು ಇದ್ದಾಗ ಇಳಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಮಳೆ ಹಿಡಿದ ದಿನ ಜಗಲಿಯಲ್ಲಿ ನಿಂತು ಅದನ್ನೇ ಮಾಡಿದ. ಮದುವೆಮನೆಗೆ ಹೋದಾಗಲೂ ಅವನ ತೋರುಬೆರಳು ಊಟದೆಲೆಯ ಅಂಚಿನಲ್ಲಿ ತಾನಾಗಿ ಮಡಚಿಕೊಳ್ಳುತ್ತಿತ್ತು, ನಿಲ್ಲುತ್ತಿತ್ತು.

ಬೇಲಿಯಾಚೆಯಿಂದ ನೆರೆಮನೆಯವನು ಕೇಳಿದ: "ಏನು ಗುರಿಕಾರರೇ, ಮತ್ತೆ ಒಂದನೇ ಕ್ಲಾಸಿಗೆ ಸೇರಿದಿರಾ? ಹಾಗೇ ಮರ ಹತ್ತುವುದನ್ನೂ ಕಲಿತುಕೊಳ್ಳಿ. ಉಪಯೋಗಕ್ಕೆ ಬರುತ್ತದೆ."

"ಅದು ನನಗೆ ಮೊದಲಿಂದಲೂ ಬರುತ್ತದೆ," ಎಂದ ಗುರಿಕಾರ, ಬಂದೂಕು ಇಳಿಸದೆ.

ಮೂರನೆಯ ವರ್ಷ ಬಯಲು ತುಂಬಿತ್ತು. ಆ ಮನೆ ಈ ಸಲ ಕಾಯಿ ಕಟ್ಟುವ ಮನೆಯಾಗುತ್ತದೋ ಇಲ್ಲವೋ ಎಂದು ನೋಡಲೆಂದೇ ಕೆಲವರು ಬಂದಿದ್ದರು. ಮನೆಯ ಹೆಸರು ಕೂಗಿದಾಗ ಎಲ್ಲರೂ ಗುರಿಕಾರನ ಕಡೆ ತಿರುಗಿದರು. ಗುರಿಕಾರ ಮೊದಲು ಹೊಡೆಯುವುದು ವಾಡಿಕೆ. ಅವನು ಬಂದೂಕನ್ನು ಅತ್ತಿಗೆಯ ಕೈಗೆ ಕೊಟ್ಟ.

"ಇದೇನು?" ಎಂದ ಪಂದ್ಯದ ಹಿರಿಯ.

"ಅವರಿಬ್ಬರದಾಗಲಿ. ನಂದು ಕೊನೆಗೆ."

ಅತ್ತಿಗೆ ನಿಂತಳು. ಹಿಂದೆ ಯಾರೋ ನೆಲದ ಮಾತು ತೆಗೆದರು. ಅವಳಿಗೆ ಕೇಳಿಸಿತೋ ಇಲ್ಲವೋ. ಹೊಡೆದಳು. ಹಿರಿಯ ಹೋಗಿ ಅಂಗೈ ಒಡ್ಡಿದ. ಒದ್ದೆಯಾಯಿತು. ಚಿಕ್ಕಪ್ಪ ಹೊಡೆದ. ಅಂಗೈ ಒದ್ದೆಯಾಯಿತು. ಮರಳಿ ಬಂದು, "ಈ ಸಲ ನಾನೇ ಬಿಟ್ಟೆ," ಎಂದು ಗುರಿಕಾರನ ಕಿವಿಯಲ್ಲಿ ಹೇಳಿದ.

ಗುರಿಕಾರ ಬಂದೂಕು ಎತ್ತಿದ. ಕಾಯಿ ಗುರಿಗೆ ಕೂಡಿತು. ಬೆರಳು ಗೋಡೆಗೆ ಬಂದು ನಿಂತಿತು. ಗುರಿ ಜಾರಿತು. ಅವನು ಕಾದ. ಮತ್ತೆ ಕೂಡಿತು, ಮತ್ತೆ ಜಾರಿತು.

"ಹೊಡೀರಿ ಮಾರಾಯ್ರೆ, ಕಾಯಿ ಮೊಳಕೆ ಬರುತ್ತದೆ!" ಎಂದು ಯಾರೋ ಕೂಗಿದರು.

ಗುರಿಕಾರ ಬೆರಳು ತೆಗೆದು ಬಂದೂಕು ಇಳಿಸಿದ. ಬಯಲಿನಲ್ಲಿ ಗುಸುಗುಸು ಎದ್ದಿತು. ಆ ಬಯಲಿನಲ್ಲಿ ಎತ್ತಿದ ಬಂದೂಕನ್ನು ಹೊಡೆಯದೆ ಇಳಿಸಿದ ಗುರಿಕಾರನನ್ನು ಯಾರೂ ಕಂಡಿರಲಿಲ್ಲ. ಅವನ ಕಿವಿ ಕೆಂಪಾಯಿತು. ಉಸಿರು ಎಳೆದುಕೊಂಡು ಮತ್ತೆ ಎತ್ತಿದ. ಬೆರಳು ಗೋಡೆಗೆ ಬಂತು, ನಿಂತಿತು, ಒತ್ತಿತು.

ಕಾಯಿ ಹೋಳಾಗಲಿಲ್ಲ. ಬಿರುಕು ಕೂಡ ದೂರಕ್ಕೆ ಕಾಣಲಿಲ್ಲ. ಅದು ಗಿರಕಿ ಹೊಡೆದು ತೂಗುತ್ತಿತ್ತು. ಹಿರಿಯ ಮರದ ಬುಡಕ್ಕೆ ಹೋಗಿ ಅಂಗೈ ಒಡ್ಡಿದ. ಬಹಳ ಹೊತ್ತು ಹಾಗೇ ನಿಂತ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಮೇಲೆ ಹಿರಿಯ ಅಂಗೈಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅದರಲ್ಲಿ ಒಂದು ಹನಿ ನೀರಿತ್ತು.

ಮನೆ ಗೆದ್ದಿತು.

ಟೀಚರ್ ಕತೆ ನಿಲ್ಲಿಸಿದರು. ಹೊಸ ಕಾಗದವನ್ನು ತೆಗೆದುಕೊಂಡು ಎದ್ದು, ಹಲಗೆಗೆ ಅಂಟಿಸತೊಡಗಿದರು.

"ಗೆದ್ದರು ಸರಿ," ಎಂದಳು ದೇಚಕ್ಕ. "ಆದರೆ ಅವನು ಮೂವರಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಹೊಡೆದ ಹಾಗಾಯಿತಲ್ಲ ಟೀಚರ್. ಕಾಯಿಯನ್ನು ನಾಲ್ಕು ಹೋಳು ಮಾಡುತ್ತಿದ್ದವನು."

"ಹೌದು. ಆ ವರ್ಷ ಕೆಟ್ಟ ಹೊಡೆತ ಅವನದೇ."

"ಅದು ಯಾವ ನ್ಯಾಯ? ನಾನು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತೇನೆ. ರಶೀದಾ ಹೊಲಿಗೆ ಅಂಗಡಿ ಮುಚ್ಚಿ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ಬೋಜಮ್ಮನಿಗೆ ಮಕ್ಕಳ ಪರೀಕ್ಷೆ, ಅತ್ತೆಯ ಕಾಲುನೋವು. ಅವರು ಕಲಿಯಲಿ. ಚೆನ್ನಾಗಿ ಹೊಡೆಯುವವಳೇ ಯಾಕೆ ಬಗ್ಗಬೇಕು?"

ಟೀಚರ್ ಕಾಗದದ ನಾಲ್ಕನೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರು. ತಿರುಗಿ ಶಿಷ್ಯೆಯನ್ನು ನೋಡಿದರು.

"ಮೂವರಲ್ಲಿ ಬೇಗ ಕಲಿಯಬಲ್ಲವಳು ಯಾರೆಂದು ನೀನೇ ಹೇಳು, ಅವಳಿಗೆ ಕಷ್ಟವಾಗುವ ಟ್ರಿಗರನ್ನೇ ಹಾಕಿಸೋಣ."